ಎದೆಗೆ ಹಾಕುವ ಪೈಪು

ವೀಕ್ಷಕರೇ, ಆಸ್ಪತ್ರೆ ವರಾಂಡದಲ್ಲಿ ಈ ಮಾತು ನೀವೂ ಕೇಳಿರ್ತೀರಿ: "ಎದೆಗೆ ಪೈಪ್ ಹಾಕ್ತಾರಂತೆ, ಬೇಡಪ್ಪಾ, ಬೇರೆ ಕಡೆ ಕರ್ಕೊಂಡು ಹೋಗೋಣ." ಹೀಗೆ ಊರೂರು ಅಲೆಯುವ ಹೊತ್ತಿಗೆ ಏನಾಗುತ್ತೆ ಗೊತ್ತಾ?

ಶ್ವಾಸಕೋಶಕ್ಕೂ ಪಕ್ಕೆಲುಬಿಗೂ ನಡುವೆ ಎರಡು ತೆಳು ಪೊರೆಗಳಿವೆ. ಅವುಗಳ ಮಧ್ಯೆ ಇರೋದು ಒಂದೆರಡು ಚಮಚದಷ್ಟು ದ್ರವ. ನ್ಯುಮೋನಿಯಾ ಬಂದಾಗ ಅಲ್ಲಿ ನೀರು ತುಂಬಬಹುದು. ಆ ನೀರಿಗೂ ಸೋಂಕು ತಗುಲಿದರೆ ಕೀವು. ವೈದ್ಯರು ಇದನ್ನು ಎಂಪೈಮಾ ಅಂತಾರೆ. ನಮ್ಮ ದೇಶದಲ್ಲಿ ಟಿಬಿಯಿಂದಲೂ ಬರುತ್ತೆ. ಮೊದಮೊದಲು ತೆಳ್ಳಗಿರುವ ನೀರು ದಿನ ಕಳೆದಂತೆ ಗಂಜಿಯ ಹಾಗೆ ಗಟ್ಟಿಯಾಗುತ್ತೆ, ಒಳಗೆ ಎಳೆಗಳು ಹುಟ್ಟಿ ಕೋಣೆ ಕೋಣೆಯಾಗುತ್ತೆ. ವಾರಗಳು ಉರುಳಿದರೆ ದಪ್ಪ ಸಿಪ್ಪೆ ಕಟ್ಟಿ ಶ್ವಾಸಕೋಶ ಅರಳದಂತೆ ಹಿಡಿದುಬಿಡುತ್ತೆ. ಆಗ ಪೈಪ್ ಸಾಲೋದಿಲ್ಲ, ಆಪರೇಷನ್ನೇ ಬೇಕಾಗಬಹುದು.

"ಇಂಜೆಕ್ಷನ್‌ನಲ್ಲೇ ಗುಣ ಮಾಡಿ ಡಾಕ್ಟ್ರೇ" ಅಂತ ಕೇಳೋರಿದ್ದಾರೆ. ಆಂಟಿಬಯೋಟಿಕ್ ಬೇಕೇ ಬೇಕು. ಆದರೆ ಕೀವು ತುಂಬಿ ನಿಂತ ಜಾಗದಲ್ಲಿ ಅದೊಂದರಿಂದ ಸಾಮಾನ್ಯವಾಗಿ ಆಗೋದಿಲ್ಲ. ಕೀವು ಹೊರಗೆ ಬರಲೇಬೇಕು.

ಹಾಗಂತ ಎದೆ ಕೊಯ್ದು ತೆಗೆದರೆ ಆಯ್ತಾ? 1918ರ ಆಸುಪಾಸಿನಲ್ಲಿ ಅಮೆರಿಕದ ಸೈನಿಕ ಶಿಬಿರಗಳಲ್ಲಿ ಅದನ್ನೇ ಮಾಡಿದರು. ಕೊಯ್ದ ಜಾಗದಿಂದ ಗಾಳಿ ನುಗ್ಗಿತು, ಮೊದಲೇ ಏದುಸಿರು ಬಿಡುತ್ತಿದ್ದ ಸೈನಿಕರ ಉಸಿರೇ ಕಟ್ಟಿತು. ಸರಾಸರಿ ನೂರಕ್ಕೆ 30 ಮಂದಿ ಸತ್ತರು. ಸೈನ್ಯ ಒಂದು ಎಂಪೈಮಾ ಆಯೋಗ ಮಾಡಿತು. ಅದರಲ್ಲಿದ್ದ ಸರ್ಜನ್ ಇವಾರ್ಟ್ಸ್ ಗ್ರಹಾಂ ಮತ್ತು ಸಂಗಡಿಗರು ಹೇಳಿದ್ದು: ಕೀವು ತೆಗೆಯಿರಿ, ಆದರೆ ಗಾಳಿ ಒಳಗೆ ಬಿಡಬೇಡಿ, ಆರಂಭದಲ್ಲೇ ಎದೆ ತೆರೆಯಬೇಡಿ. ಈ ಕ್ರಮ ಅನುಸರಿಸಿದ ಕಡೆ ಸಾವು ನೂರಕ್ಕೆ 5ಕ್ಕಿಂತ ಕೆಳಗಿಳಿಯಿತು. ಪೆನಿಸಿಲಿನ್ ಇನ್ನೂ ಹುಟ್ಟಿರದ ಕಾಲ ಅದು, ನೆನಪಿರಲಿ!

ಇವತ್ತು ಮಂಚದ ಪಕ್ಕ ಬಾಟಲಿ ಇಟ್ಟಿರ್ತಾರಲ್ಲ, ಪೈಪಿನ ತುದಿ ಅದರ ನೀರಿನಲ್ಲಿ ಮುಳುಗಿರೋದು ಇದಕ್ಕೇ. ಕೀವು ಇಳಿಯುತ್ತೆ, ಗಾಳಿ ವಾಪಸ್ ಹೋಗೋದಿಲ್ಲ. ಪೈಪು ಕೂರಿಸುವಾಗ ಆ ಜಾಗ ಮರಗಟ್ಟಿಸುತ್ತಾರೆ. ನೋವಿಲ್ಲ ಅಂತ ನಾನು ಸುಳ್ಳು ಹೇಳಲ್ಲ. ಆದರೆ ಆ ಬಾಟಲಿ ಕಂಡು ಓಡಿಹೋಗುವ ಕಾರಣವಂತೂ ಇಲ್ಲ.

ನ್ಯುಮೋನಿಯಾಕ್ಕೆ ಔಷಧಿ ಶುರುವಾಗಿ ಎರಡು ಮೂರು ದಿನವಾದರೂ ಜ್ವರ ಇಳಿದಿಲ್ಲವಾ? ಇಳಿದು ಮತ್ತೆ ಏರಿತಾ? ಉಸಿರೆಳೆದರೆ ಒಂದೇ ಪಕ್ಕೆ ಚುಚ್ಚುತ್ತಾ? ಡಾಕ್ಟರನ್ನು ನೇರವಾಗಿ ಕೇಳಿ: "ಎದೇಲಿ ನೀರು ತುಂಬಿದ್ಯಾ? ಸ್ಕ್ಯಾನ್ ಮಾಡಿ ನೋಡ್ತೀರಾ?"