ಈ ಸುಗ್ಗಿಗೆ ಯಾವ ನಾಟಕ?



ಬೀಜ, ಗೊಬ್ಬರದ ಮಾತು ಬಿಟ್ಟು ಗ್ರಾಮಸೇವಕ ಇಂದು ನಾಟಕದ ಮಾತಿಗೆ ಏಕೆ ಇಳಿದ ಎಂದು ತಾವು ನಗಬಹುದು. ಕಾರಣ ಬೀಜವೇ. ಹೋದ ವರ್ಷ ನಾನು ಓಡಾಡುವ ಊರೊಂದರಲ್ಲಿ ಜಾತ್ರೆಗೆ ನಾಟಕವಾಡಿದರು. ಪರದೆ, ದೀಪ, ಮೈಕು ಎಲ್ಲ ಬಾಡಿಗೆ. ಪೇಟಿ ಮಾಸ್ತರರಿಗೆ ಎರಡು ತಿಂಗಳ ಊಟ ಮತ್ತು ಸಂಬಳ. ಸ್ತ್ರೀ ಪಾತ್ರಕ್ಕೆ ಪಟ್ಟಣದಿಂದ ಕಲಾವಿದೆಯರು. ಆಟ ಒಂದು ರಾತ್ರಿಯದು. ಮುಂಗಾರು ಬಂದಾಗ ಪಾರ್ಟು ಮಾಡಿದ ಇಬ್ಬರು ಹುಡುಗರ ಮನೆಯಲ್ಲಿ ಬೀಜಕ್ಕೆ ದುಡ್ಡಿರಲಿಲ್ಲ. ಉದ್ರಿ ತಂದು ಬಿತ್ತಿದರು. ಕಥೆ ಏನಿತ್ತು ಎಂದು ಕೇಳಿದೆ. ಪಟ್ಟಣದ ಸಾಹುಕಾರ, ಅವನ ಮಗಳು, ಒಬ್ಬ ಖಳನಾಯಕ, ಕೊನೆಗೆ ಪಿಸ್ತೂಲು. ಹೊಲ, ಮಳೆ, ಬಾವಿ ಒಂದೂ ಅದರಲ್ಲಿರಲಿಲ್ಲ.

ನಾಟಕ ಬೇಡವೆನ್ನುವವನು ನಾನಲ್ಲ. ನಾನೂ ಬಣ್ಣ ಹಚ್ಚಿದವನೇ. ಆದರೆ ಪೇಟಿ ಮಾಸ್ತರರು ತಂದುಕೊಟ್ಟ ನಾಟಕವನ್ನೇ ಆಡಬೇಕೆಂಬ ಕಟ್ಟಳೆ ಯಾರೂ ಮಾಡಿಲ್ಲ. ಬೀಜ ಆರಿಸುವಾಗ ಮುಷ್ಟಿಯಲ್ಲಿ ಹಿಡಿದು ನೋಡುತ್ತೇವೆ. ನಾಟಕವನ್ನೂ ಹಾಗೆ ಮೊದಲು ಕುಳಿತು ಓದಿ ನೋಡೋಣ.

ನಾನು ಮೊದಲು ಹೇಳುವುದು ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ'. ಕಂಬಾರರು ಬೆಳಗಾವಿ ಜಿಲ್ಲೆಯ ಘೋಡಗೇರಿಯವರು. 2010ನೆಯ ಸಾಲಿನ ಜ್ಞಾನಪೀಠ ಪಡೆದವರು. 1972ರಲ್ಲಿ ಬಿ. ವಿ. ಕಾರಂತರು ಈ ನಾಟಕವನ್ನು ಬೆಂಗಳೂರಿನಲ್ಲಿ ಆಡಿಸಿದರು. ಆದರೆ ಅದರ ಬೇರು ಇರುವುದು ನಮ್ಮ ಬಯಲಾಟದಲ್ಲಿ. ಬಯಲಾಟವೆಂದರೆ ಮೊದಲು ಗಣಪತಿಯ ಪೂಜೆ. ಈ ನಾಟಕದಲ್ಲಿ ಸೂತ್ರಧಾರನು ಜೋಕುಮಾರನನ್ನು ಪೂಜಿಸಬೇಕೆಂದು ಹಟ ಹಿಡಿಯುತ್ತಾನೆ. ಅದರ ಸ್ವಾರಸ್ಯ ಹಳ್ಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಭಾದ್ರಪದದಲ್ಲಿ ಗಣಪ್ಪ ಬಂದು ಕಡುಬು ಹೋಳಿಗೆ ತಿಂದು, ಭೂಲೋಕದಲ್ಲಿ ಎಲ್ಲ ಸುಭಿಕ್ಷವೆಂದು ಶಿವನಿಗೆ ಹೇಳುತ್ತಾನೆ. ಅವನ ಹಿಂದೆ ಬರುವ ಜೋಕುಮಾರ, ಬೇವಿನ ಸೊಪ್ಪಿನ ಬುಟ್ಟಿಯಲ್ಲಿ ಮನೆಮನೆ ತಿರುಗಿ, ಮಳೆಯಿಲ್ಲ, ಬೆಳೆಯಿಲ್ಲ ಎಂಬ ನಿಜವನ್ನು ಮುಟ್ಟಿಸುತ್ತಾನೆ. ಹೀಗೆಂದು ನಮ್ಮ ಅಜ್ಜಿಯಂದಿರು ಹೇಳುತ್ತ ಬಂದಿದ್ದಾರೆ.

ಕಥೆ ಇಷ್ಟು. ಊರಗೌಡ ಬಡವರ ಹೊಲ ನುಂಗಿ ಕುಳಿತಿದ್ದಾನೆ. ಬಸಣ್ಣನೆಂಬವನು, ಇದು ನಮ್ಮಪ್ಪನ ಹೊಲ, ಬಿಡುವುದಿಲ್ಲ ಎಂದು ಎದುರು ನಿಲ್ಲುತ್ತಾನೆ. ಮಕ್ಕಳಿಲ್ಲದ ಗೌಡ್ತಿ ಜೋಕುಮಾರನನ್ನು ಪೂಜಿಸಿ, ಗಂಡನಿಗೆಂದು ಪಡವಲಕಾಯಿ ಪಲ್ಯ ಮಾಡಿ ಹೊಲಕ್ಕೆ ಒಯ್ಯುತ್ತಾಳೆ, ಉಣ್ಣುವವನು ಬಸಣ್ಣ. ಕೊನೆಗೆ ಬಸಣ್ಣ ಉಳಿಯುವುದಿಲ್ಲ. ನೆಲವೂ ಹೆಣ್ಣೂ ಯಾರ ಸೊತ್ತು, ತಾಳಿ ಮತ್ತು ಪಹಣಿ ಇದ್ದ ಮಾತ್ರಕ್ಕೆ ಅವು ಫಲ ಕೊಡುತ್ತವೆಯೇ ಎಂಬ ಪ್ರಶ್ನೆ ನಾಟಕದುದ್ದಕ್ಕೂ ಇದೆ. ಉಳುವವನಿಗೆ ಭೂಮಿ ಕೊಡಿಸಿದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ನಾಟಕ ಅದಕ್ಕೆ ಎರಡು ವರ್ಷ ಮೊದಲಿನದು. ನಮೂನೆ 7 ತುಂಬಿದ ಹಿರಿಯರು ತಮ್ಮ ಊರಲ್ಲಿದ್ದರೆ ಓದುವಾಗ ಅವರನ್ನು ಕರೆಯಿರಿ. ಹುಡುಗರಿಗೆ ಅರ್ಥ ಹೇಳುವವರು ಅವರೇ.

ಎರಡು ಮಾತು ಮುಚ್ಚಿಡುವುದಿಲ್ಲ. ಇದರಲ್ಲಿ ಶೃಂಗಾರ ಬಿರುಸಾಗಿದೆ, ಮಾತು ಒರಟು. ಹಿರಿಯರು ಮೊದಲು ಓದಿ ಒಪ್ಪಲಿ. ಇನ್ನೊಂದು, ನಾಟಕಕ್ಕೆ ಹೆಚ್ಚು ವಂತಿಗೆ ಕೊಡುವವರು ಅನೇಕ ಊರುಗಳಲ್ಲಿ ದೊಡ್ಡ ಹಿಡುವಳಿಯವರೇ. ಅವರಿಗೆ ಇದು ಚುಚ್ಚೀತು. ಪಂಗಡ ಕಟ್ಟಿ ಜಗಳಕ್ಕೆ ನಿಲ್ಲುವ ಬದಲು ಅವರನ್ನೂ ಓದಿಗೆ ಕರೆಯಿರಿ. ಗೌಡನ ಪಾರ್ಟನ್ನು ಅವರೇ ಕೇಳಿ ಪಡೆದರೆ ಆಶ್ಚರ್ಯವಿಲ್ಲ. ಅದು ಗತ್ತಿನ ಪಾರ್ಟು.

ಮಹಿಳಾ ಮಂಡಲದವರಿಗೆ ಗಿರೀಶ ಕಾರ್ನಾಡರ 'ನಾಗಮಂಡಲ' (1988) ಒಪ್ಪುತ್ತದೆ. ಗಂಡ ಅಪ್ಪಣ್ಣ ಹೆಂಡತಿ ರಾಣಿಯನ್ನು ಮನೆಯೊಳಗೆ ಬೀಗ ಹಾಕಿ ಹೋಗುತ್ತಾನೆ. ರಾತ್ರಿ ನಾಗರಹಾವು ಅವನದೇ ರೂಪದಲ್ಲಿ ಬರುತ್ತದೆ. ಊರ ಪಂಚಾಯಿತಿ ಕೂಡಿ ಅವಳ ನಡತೆಯನ್ನು ಪರೀಕ್ಷಿಸುವ ದೃಶ್ಯ ನೋಡಿದರೆ ನಮ್ಮ ಕಟ್ಟೆಯ ನ್ಯಾಯಗಳು ನೆನಪಾಗದೆ ಇರವು. ಒಂದು ಬಾಗಿಲು, ಒಂದು ಹುತ್ತ ಇದ್ದರೆ ಸಾಕು. ಅವರದೇ 'ತುಘಲಕ್' (1964) ಓದಲು ಬಲು ಸೊಗಸು. ಆಡಲು ಮಾತ್ರ ಈಗಲೇ ಕೈಹಾಕಬೇಡಿ. ಶಾಲೆಯ ಮಕ್ಕಳಿಗೆ ಬೇಕಾದರೆ ಕುವೆಂಪು ಅವರ 'ಜಲಗಾರ' ಇದೆ. ಹಳೆಯದು, ಚಿಕ್ಕದು. ಬೀದಿ ಗುಡಿಸುವವನ ಎದುರಿಗೆ ಶಿವನು ತಾನೂ ಜಲಗಾರನಾಗಿ ಬಂದು ನಿಲ್ಲುತ್ತಾನೆ.

ಖರ್ಚಿನ ಮಾತು. ಇವುಗಳಲ್ಲಿ ಯಾವುದಕ್ಕೂ ಅರಮನೆಯ ಪರದೆ ಬೇಕಿಲ್ಲ. ಕಣವನ್ನೇ ರಂಗ ಮಾಡಿ, ಸುತ್ತಲೂ ಜನ ಕುಳಿತರಾಯಿತು. ಭಜನಾ ಮೇಳದ ತಾಳ, ಡಪ್ಪು, ಪೇಟಿ ನಮ್ಮಲ್ಲೇ ಇವೆ. ಸ್ತ್ರೀ ಪಾತ್ರವನ್ನು ಊರ ಹೆಣ್ಣುಮಕ್ಕಳು ಮಾಡಲಿ. ತಾಲೀಮನ್ನು ಹಗಲಿನಲ್ಲಿ, ಅವರ ಮನೆಯವರ ಎದುರೇ ಇಟ್ಟುಕೊಂಡರೆ ಯಾರೂ ಆಡಿಕೊಳ್ಳುವುದಿಲ್ಲ. ನಾಟಕಕಾರರ ಇಲ್ಲವೆ ಅವರ ವಾರಸುದಾರರ ಒಪ್ಪಿಗೆಯನ್ನು ಪತ್ರ ಬರೆದು ಪಡೆಯಬೇಕು. ರಾತ್ರಿ 10 ಗಂಟೆಯ ಮೇಲೆ ಧ್ವನಿವರ್ಧಕಕ್ಕೆ ನಿರ್ಬಂಧವಿರುವುದರಿಂದ ಆಟವನ್ನು ಸಂಜೆ 6ಕ್ಕೇ ಹೂಡಿರಿ. ದನಗಳ ಹಾಲು ಕರೆಯುವುದು ಅಂದು ಸ್ವಲ್ಪ ಮೊದಲಾಗಲಿ.

'ಜೋಕುಮಾರಸ್ವಾಮಿ'ಯ ಒಂದು ಪ್ರತಿ ನನ್ನ ಚೀಲದಲ್ಲಿದೆ. ಬರುವ ಶನಿವಾರ ಮಣ್ಣು ಪರೀಕ್ಷೆಯ ಮಾದರಿ ತೆಗೆಯಲು ಬಂದಾಗ ಸಂಜೆ ಚಾವಡಿಯಲ್ಲಿ ಓದೋಣ. ಬಸಣ್ಣನ ಮಾತನ್ನು ಯಾರು ಓದುತ್ತೀರೆಂದು ಅಷ್ಟರೊಳಗೆ ಗೊತ್ತುಮಾಡಿರಿ.