ಯೋಜನೆಯಲ್ಲಿ ನಮ್ಮ ಮಾತೂ ಇರಲಿ
(ಬಿಂಡಿಗನವಿಲೆಯ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ನಮ್ಮ ನಾಗಮಂಗಲ ತಾಲೂಕಿನ ಬಿ.ಜಿ. ನಗರದಲ್ಲಿ 1986ರಿಂದ ವೈದ್ಯಕೀಯ ಕಾಲೇಜಿದೆ. ಆದರೂ ನಮ್ಮ ಹೆಣ್ಣುಮಕ್ಕಳು ದೊಡ್ಡಾಸ್ಪತ್ರೆ ಮೆಟ್ಟಿಲು ಹತ್ತೋದು ಕಾಯಿಲೆ ಬಲಿತ ಮೇಲೆ. ಹಾಲು ಕರೆದು ಡೈರಿಗೆ ಹಾಕಿ, ಮನೆಯವರನ್ನು ಒಪ್ಪಿಸಿ, ಬಸ್ಸು ಹಿಡಿಯುವಷ್ಟರಲ್ಲಿ ಹೊತ್ತು ಏರಿರುತ್ತದೆ.

ವೆಲ್ಲೂರಿನಲ್ಲಿ ಡಾ. ಐಡಾ ಸ್ಕಡರ್ 1918ರಲ್ಲಿ ಹೆಣ್ಣುಮಕ್ಕಳಿಗೆಂದೇ ವೈದ್ಯಕೀಯ ಶಾಲೆ ತೆರೆದರು. ಅದಕ್ಕೂ ಮುಂಚೆಯೇ ಹಳ್ಳಿ ದಾರಿಯ ಬದಿಯಲ್ಲಿ ರೋಗಿಗಳನ್ನು ನೋಡುತ್ತಿದ್ದರು. ಮಹಿಳಾ ಆರೋಗ್ಯದ ಯೋಜನೆಯೂ ಹಾಗೇ ಊರಿನಿಂದ ಶುರುವಾಗಬೇಕು. ಕಟ್ಟಡ, ಹಾಸಿಗೆಗಳ ಲೆಕ್ಕದಿಂದಲ್ಲ.

ನಾವು ಕೇಳಬೇಕಾದ್ದು ಮೂರು. ಒಂದು, ಹೋಬಳಿಯಲ್ಲೇ ರಕ್ತ ಪರೀಕ್ಷೆ ಆಗಲಿ. ಬಸುರಿಯ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ, 7ಕ್ಕಿಂತ ಇಳಿದರೆ ಜೀವಕ್ಕೇ ಅಪಾಯ. ಎರಡು, 30 ದಾಟಿದವರಿಗೆ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಇಲ್ಲೇ ಸಿಗಲಿ; ಬೇಗ ಕಂಡರೆ ವಾಸಿಮಾಡಬಹುದು. ಮೂರು, ಕಲಿಯುವ ಡಾಕ್ಟರುಗಳು ಮನೆಮನೆಗೆ ಬಂದು ಅತ್ತೆಯರ, ಗಂಡಂದಿರ ಜೊತೆ ಮಾತಾಡಲಿ. 2023ರಲ್ಲಿ ನಮ್ಮ ಜಿಲ್ಲೆಯ ಆಲೆಮನೆಯಲ್ಲೇ ಸ್ಕ್ಯಾನಿಂಗ್ ಮಾಡಿ ಹೆಣ್ಣುಭ್ರೂಣ ಪತ್ತೆ ಹಚ್ಚುತ್ತಿದ್ದುದು ಬಯಲಾಯಿತು. ಹುಟ್ಟೋಕೇ ಬಿಡದ ಕಡೆ ಹೆಣ್ಣಿನ ಆರೋಗ್ಯ ಎಲ್ಲಿಂದ ಬಂತು?

ಈ ಮೂರನ್ನೂ ಸಂಘದ ನಡಾವಳಿ ಪುಸ್ತಕದಲ್ಲಿ ಬರೆದು, ಎಲ್ಲರೂ ಸಹಿ ಹಾಕಿ, ನಕಲನ್ನು ಕಾಲೇಜಿಗೂ ಪಂಚಾಯ್ತಿಗೂ ಕಳಿಸೋಣ. ಯೋಜನೆ ಬರೆಯುವವರ ಮೇಜಿನ ಮೇಲೆ ನಮ್ಮ ಮಾತೂ ಇರಲಿ.