ಕಲಿತು ಕೆಲಸವೋ, ಕೆಲಸದಲ್ಲೇ ಕಲಿಕೆಯೋ

ಬೌದ್ಧಿಕ ವೈಕಲ್ಯವುಳ್ಳವರಿಗೆ ಕೆಲಸ ಕೊಡುವ ಮಾತು ಬಂದಾಗಲೆಲ್ಲ 'ಮೊದಲು ತಯಾರಾಗಲಿ, ಆಮೇಲೆ ನೋಡೋಣ' ಎನ್ನುವವರೇ ಹೆಚ್ಚು. ಆ ತಯಾರಿ ಎಷ್ಟೋ ಮಂದಿಗೆ ಮುಗಿಯುವುದೇ ಇಲ್ಲ. ತರಬೇತಿ ಕೇಂದ್ರದಲ್ಲಿ ಮೇಣದಬತ್ತಿ ಮಾಡುತ್ತ, ಕಾಗದದ ಕವರು ಅಂಟಿಸುತ್ತ ವರ್ಷಗಳು ಕಳೆದುಹೋಗುತ್ತವೆ. ಕೆಲಸ ಕೊಟ್ಟು, ಕೆಲಸದ ಜಾಗದಲ್ಲೇ ಕಲಿಸಬೇಕು ಎಂಬುದು ನನ್ನ ವಾದ. 1970ರ ದಶಕದ ಆರಂಭದಲ್ಲಿ ಅಮೆರಿಕದ ಮಾರ್ಕ್ ಗೋಲ್ಡ್ ಎಂಬ ಸಂಶೋಧಕರು, ವಿಕಲಚೇತನರಿಗೆಂದೇ ಇದ್ದ ಕಾರ್ಯಾಗಾರಗಳ ಯುವಜನರಿಗೆ 15 ಬಿಡಿಭಾಗಗಳ ಸೈಕಲ್ ಬ್ರೇಕ್ ಜೋಡಿಸುವುದನ್ನು ಕಲಿಸಿದರು. ಉದ್ದುದ್ದ ವಿವರಣೆಗೆ ಹೋಗದೆ ಕೆಲಸವನ್ನು ಸಣ್ಣಸಣ್ಣ ಹಂತಗಳಾಗಿ ಬಿಡಿಸಿದರು. ಕೆಲವರಿಗೆ ಕೊಟ್ಟ ಬಿಡಿಭಾಗಗಳಲ್ಲಿ, ಜೋಡಿಸುವಾಗ ಯಾವ ಮುಖ ಅವರ ಕಡೆಗಿರಬೇಕೋ ಅದಕ್ಕೆ ಕೆಂಪು ಬಣ್ಣ ಬಳಿದಿದ್ದರು. ಹೆಚ್ಚುಕಡಿಮೆ ಎಲ್ಲರೂ ಕಲಿತರು. ಬಣ್ಣದ ಗುರುತಿದ್ದವರು ಇನ್ನೂ ಬೇಗ ಕಲಿತರು. ಅಂದಮೇಲೆ, ಕಲಿಯಲಾರರು ಎಂದು ತೀರ್ಮಾನಿಸುವ ಮುನ್ನ ಕಲಿಸಿದ ರೀತಿಯನ್ನೇ ಪರೀಕ್ಷಿಸಬೇಕಾಗುತ್ತದೆ.

ಬೌದ್ಧಿಕ ವೈಕಲ್ಯವುಳ್ಳ ಅನೇಕರಿಗೆ ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ಬಳಸುವುದು ಕಷ್ಟ. ಕೇಂದ್ರದ ಮೇಜಿನ ಮೇಲೆ ತಟ್ಟೆ ಜೋಡಿಸಲು ಕಲಿತವರು ಗದ್ದಲದ ಹೋಟೆಲಿನಲ್ಲಿ ತಬ್ಬಿಬ್ಬಾಗಬಹುದು. ಆದ್ದರಿಂದಲೇ ಕೆಲಸದ ಜಾಗದಲ್ಲಿ ಪಕ್ಕದಲ್ಲಿ ನಿಂತು ಹೇಳಿಕೊಡುವ ಜಾಬ್ ಕೋಚ್ ಬೇಕು. ಅಮೆರಿಕ 1986ರಲ್ಲೇ ಇಂಥ ನೆರವಿನ ಉದ್ಯೋಗಕ್ಕೆ ಕಾನೂನಿನಲ್ಲಿ ಜಾಗ ಕೊಟ್ಟಿತು. ನಮ್ಮಲ್ಲಿ ವಿಕಲಚೇತನರಿಗಾಗಿ ಬಂದ 1995ರ ಕಾಯ್ದೆಯ ಶೇ. 3ರ ಮೀಸಲಾತಿಯಲ್ಲಿ ಇವರಿಗೆ ಪಾಲಿರಲಿಲ್ಲ. 2016ರ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಮೀಸಲಾತಿಯನ್ನು ಶೇ. 4ಕ್ಕೆ ಏರಿಸಿ, ಅದರೊಳಗಿನ ಶೇ. 1ರಲ್ಲಿ ಆಟಿಸಂ, ಬೌದ್ಧಿಕ ವೈಕಲ್ಯ, ಮಾನಸಿಕ ಕಾಯಿಲೆಗಳನ್ನೂ ಸೇರಿಸಿತು. ಆದರೆ ಹುದ್ದೆ ಮೀಸಲಿಟ್ಟ ಮಾತ್ರಕ್ಕೆ ಸೇರಿದವರು ಅಲ್ಲಿ ನೆಲೆ ನಿಲ್ಲುವುದಿಲ್ಲ, ಕಲಿಸುವವರೂ ಬೇಕು.

ಕೋಚ್‌ನ ಸಂಬಳ ಯಾರು ಕೊಡಬೇಕು ಎಂದು ಮಾಲೀಕರು ಕೇಳುತ್ತಾರೆ; ನ್ಯಾಯವಾದ ಪ್ರಶ್ನೆಯೇ. ಕೆಲಸ ಕೈಗೆ ಹತ್ತಿದಂತೆ ಕೋಚ್ ಹಿಂದೆ ಸರಿಯುತ್ತಾರೆ, ಖರ್ಚೂ ಇಳಿಯುತ್ತದೆ. ತರಬೇತಿ ಕೇಂದ್ರದಲ್ಲೇ ಉಳಿದವರ ಖರ್ಚು ಹಾಗೆ ಇಳಿಯುವುದಿಲ್ಲ. ಆರಂಭದ ಆ ಭಾರವನ್ನು ಸರ್ಕಾರದ ಕೌಶಲ ತರಬೇತಿಯ ಹಣ ಹೊರಬೇಕು. ಉತ್ಪಾದನೆ ಕುಗ್ಗೀತು ಎಂಬ ಅಂಜಿಕೆಗೆ ಉತ್ತರ, ವ್ಯಕ್ತಿಗೆ ಹೊಂದುವ ಕೆಲಸ ಆರಿಸುವುದರಲ್ಲಿದೆ. ಉದಾಹರಣೆಗೆ, ಲೆಮನ್ ಟ್ರೀ ಹೋಟೆಲುಗಳಲ್ಲಿ ಡೌನ್ ಸಿಂಡ್ರೋಮ್ ಇರುವವರು ಊಟದ ಸಾಲೆಯಲ್ಲಿ ದುಡಿಯುತ್ತಿದ್ದಾರೆ. ಗೇಲಿ, ಶೋಷಣೆಯ ಬಗ್ಗೆ ತಂದೆತಾಯಿಯರ ಭಯವನ್ನು ತಳ್ಳಿಹಾಕುವಂತಿಲ್ಲ. ಜೊತೆಗೆ ದುಡಿಯುವವರಿಗೂ ತಿಳಿವಳಿಕೆ ಕೊಡುವುದು, ದೂರು ಕೇಳಲು ಒಬ್ಬರನ್ನು ಗೊತ್ತುಮಾಡುವುದು ಕೆಲಸ ಕೊಟ್ಟವರ ಹೊಣೆ. ಸಂಬಳದ ವಿಷಯದಲ್ಲಂತೂ ರಿಯಾಯಿತಿ ಸಲ್ಲದು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ಉಪಕಾರ ಮಾಡಿದೆವೆನ್ನುವುದು ದುಡಿಮೆಗೆ ಮಾಡುವ ಅವಮಾನ.